ದಾನಪರ್ವತಗಳೂ ಪರ್ವತಶಬ್ದದ ಅರ್ಥವೂ

ಒಬ್ಬನು ಪರ್ವತವನ್ನು ದಾನಮಾಡಿದನೆಂಬ ಮಾತನ್ನು ಕಂಡ ವಾಚಕನು ಅದನ್ನು ಅತಿಶಯೋಕ್ತಿಯೆಂದು ಭಾವಿಸುವುದು ಸಹಜ. ಆದರೆ ಇದು ಪಾರಿಭಾಷಿಕ ಪದವೆಂಬುದು ಮತ್ಸ್ಯಪುರಾಣದಿಂದ ಸ್ಪಷ್ಟವಾಗುತ್ತದೆ. ಧಾನ್ಯ, ಲವಣ, ಗುಡ, ಸುವರ್ಣ, ತಿಲ, ಕಾರ್ಪಾಸ, ಘೃತ, ರತ್ನ, ರಜತ, ಶರ್ಕರಾ ಎಂಬ ಹತ್ತು ಪರ್ವತಗಳನ್ನು ಅಲ್ಲಿ ವಿಧಿಸಿದೆ. ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿಯು ೧೩ನೆಯ ಶತಮಾನದಲ್ಲಿ ತನ್ನ ದಾನಖಂಡದಲ್ಲಿ ಈ ವಿಷಯವನ್ನು ಸಂಗ್ರಹಿಸಿರುವನು.

ಇವುಗಳ ಪರಿಮಾಣವು ವಿಚಾರಾರ್ಹವಾಗಿದೆ. ಧಾನ್ಯಾಚಲವು ೧೦೦೦ ದ್ರೋಣವಾದರೆ ಉತ್ತಮ, ೫೦೦ ಆದರೆ ಮಧ್ಯಮ, ೩೦೦ ಆದರೆ ಕನಿಷ್ಠ. ಲವಣಾಚಲಕ್ಕೆ ೧೬, ೮, ೪ ದ್ರೋಣಗಳು ಸಾಕು. ಸುವರ್ಣಾಚಲಕ್ಕೆ ೧೦೦೦, ೫೦೦, ೨೫೦ ಪಲಗಳು. ಅಲ್ಪವಿತ್ತನಾದವನು ಒಂದು ಪಲಕ್ಕೆ ಮೇಲ್ಪಟ್ಟು ಯಥಾಶಕ್ತಿಯಾಗಿ ಕೊಡಬಹುದು. ಮನುವಿನ ಮಾನದಂತೆ ಪಲವೆಂದರೆ ೩೨೦ ಗುಲಗಂಜಿಯ ತೂಕ. ಅಷ್ಟು ಚಿನ್ನವು ಮುಷ್ಟಿಯಲ್ಲಿ ಅಡಗುವುದು. ಅದೂ ಪರ್ವತವೇ!

ಇಲ್ಲಿ ಆಕ್ಷೇಪವುಂಟು. ಅಮರಸಿಂಹನು ಪರ್ವತಕ್ಕೆ ಮಹೀಧ್ರ, ಅಚಲ, ಶಿಲೋಚ್ಚಯ ಮುಂತಾದ ಪರ್ಯಾಯಗಳನ್ನು ಹೇಳಿದ್ದಾನೆ. ದಾನಪರ್ವತವು ಭೂಮಿಯನ್ನು ಧರಿಸುವುದಿಲ್ಲ, ಅದರಲ್ಲಿ ಶಿಲೆಯಿಲ್ಲ, ಅಚಲವೆಂದು ಕರೆಯಲ್ಪಟ್ಟರೂ ದಾನವಾದ ಕೂಡಲೆ ಗುರುವಿನ ಮನೆಗೆ ಚಲಿಸುತ್ತದೆ. ಆದುದರಿಂದ ಇದು ಗೌಣಪ್ರಯೋಗವೆನ್ನೋಣವೆಂದರೆ, ಗೌಣವೃತ್ತಿಗೆ ಸಮಾನಗುಣವೊಂದು ಬೇಕು. ಆ ಗುಣವು ಔನ್ನತ್ಯವಲ್ಲ. ಏಕೆಂದರೆ ಶಾಸ್ತ್ರವು ತೂಕ, ಅಳತೆ, ಎಣಿಕೆಗಳಿಂದ ಪ್ರಮಾಣವನ್ನು ನಿರ್ಣಯಿಸಿದೆಯೇ ಹೊರತು ಎತ್ತರದಿಂದಲ್ಲ.

ಸಮಾನಗುಣವು ಸಂಸ್ಥಾನವೇ ಎಂದು ನಮ್ಮ ಅಭಿಪ್ರಾಯ. ಧಾನ್ಯಾಚಲದಲ್ಲಿ ಮಧ್ಯದ ರಾಶಿಯು ಮೇರು. ಪೂರ್ವದಲ್ಲಿ ಯವದ ಮಂದರ, ದಕ್ಷಿಣದಲ್ಲಿ ಗೋದಿಯ ಗಂಧಮಾದನ, ಪಶ್ಚಿಮದಲ್ಲಿ ಎಳ್ಳಿನ ವಿಪುಲ, ಉತ್ತರದಲ್ಲಿ ಉದ್ದಿನ ಸುಪಾರ್ಶ್ವ ಎಂಬ ನಾಲ್ಕು ವಿಷ್ಕಂಭಪರ್ವತಗಳು. ಕಬ್ಬೇ ಅಲ್ಲಿ ಬಿದಿರು, ತುಪ್ಪವೇ ನಿರ್ಝರ, ಬಿಳಿಯ ವಸ್ತ್ರವೇ ಮೇಘಪಂಕ್ತಿ. ಉಳಿದ ಪರ್ವತಗಳಿಗೂ ಇದೇ ಮಾದರಿ. ಕಣಜದಲ್ಲಿರುವ ಸಾವಿರ ದ್ರೋಣ ಧಾನ್ಯವು ರಾಶಿಮಾತ್ರ. ದಿಕ್ಕುಗಳ ನಡುವೆ ನೆಲೆಗೊಳಿಸಿ ಮೇರುವೆಂದು ಆವಾಹಿಸಿದ ಹಿಡಿಯಷ್ಟು ಚಿನ್ನವು ಪರ್ವತ.

ಆದಕಾರಣ ದಾನಪ್ರಕರಣದಲ್ಲಿ ಪರ್ವತಶಬ್ದವನ್ನು ಕಂಡೊಡನೆ ಅಲಂಕಾರವನ್ನು ಕಲ್ಪಿಸದೆ ಮೊದಲು ವಿಧಿಯನ್ನು ನೋಡತಕ್ಕದ್ದು. ಇಲ್ಲವಾದರೆ ರಾಜರ ವೈಭವವು ಮಾತ್ರ ನಮ್ಮ ಕಣ್ಣಿಗೆ ಬಿದ್ದು, ಒಂದು ಪಲದ ಮೇರುವನ್ನು ಕೊಡುವ ಬಡವನಿಗೆ ಶಾಸ್ತ್ರವು ಕಲ್ಪಿಸಿದ ಸ್ಥಾನವು ಮರೆಯಾಗಿಹೋಗುವುದು.