ತೊಗಲುಗೊಂಬೆ: ಹನುಮಂತ

ಆಡಿನ ತೊಗಲು, ಬಣ್ಣ, ಬಿದಿರು ಕಡ್ಡಿ
ಸರ್ಕಾರಿ ವಸ್ತುಸಂಗ್ರಹಾಲಯ, ಎಗ್ಮೋರ್, ಚೆನ್ನೈ

ರಾಮಾಯಣದ ಆಟಕ್ಕೆ ಮಾಡಿದ ನೆರಳುಗೊಂಬೆ. ಇಂಥವನ್ನು ಮಾಡಿ ಆಡಿಸುತ್ತಿದ್ದವರು ಊರೂರು ಅಲೆಯುವ ಮೇಳದವರು. ಕನ್ನಡ ನಾಡಿನಲ್ಲಿ ಅವರನ್ನು ಕಿಳ್ಳೇಕ್ಯಾತರೆಂದು ಕರೆಯುತ್ತಾರೆ: ಮನೆಯಲ್ಲಿ ಮರಾಠಿ, ಪರದೆಯ ಹಿಂದೆ ಕನ್ನಡ ಅಥವಾ ತೆಲುಗು. ಅವರ ಗೊಂಬೆ ಚೆನ್ನೈಯಲ್ಲಿರುವುದು ಅಚ್ಚರಿಯಲ್ಲ: ಕನ್ನಡ ನಾಡಿನ ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯಕ್ಕೇ ಸೇರಿತ್ತು.

ಕಲೆ ಶತಮಾನಗಳಷ್ಟು ಹಳೆಯದಾದರೂ ಗೊಂಬೆಗೆ ಅಷ್ಟು ಆಯಸ್ಸಿಲ್ಲ. ದೀಪದ ಶಾಖಕ್ಕೆ ತೊಗಲು ಸುರುಟುತ್ತದೆ. ಇಂದು ಉಳಿದಿರುವ ಹೆಚ್ಚಿನವು 19–20ನೆಯ ಶತಮಾನದವು.

ತೊಗಲಿನ ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯುತ್ತಾರೆ. ಚಿತ್ರ ಬರೆದು ಕತ್ತರಿಸಿ, ಎರಡೂ ಬದಿಗೆ ಬಣ್ಣ ಹಾಕುತ್ತಾರೆ. ಬೆನ್ನಿಗೆ ಸೀಳಿದ ಬಿದಿರು ಕಡ್ಡಿ. ಹನುಮಂತನಲ್ಲದೆ ಜಿಂಕೆಯಾದ ಮಾರೀಚ, ಹುಲಿ, ನವಿಲುಗಳೂ ಪರದೆಗೆ ಬರುತ್ತವೆ. ನಡುನಡುವೆ ಕಿಳ್ಳೇಕ್ಯಾತನೆಂಬ ಹೆಸರಿನದೇ ತುಂಟ ಮಾತಿನ ಹಾಸ್ಯಗೊಂಬೆ ಮತ್ತು ಅವನ ಹೆಂಡತಿ ಬಂಗಾರಕ್ಕ; ಮಕ್ಕಳು ನಿದ್ದೆಗೆಟ್ಟು ಕಾಯುವುದು ಹೆಚ್ಚಾಗಿ ಇವರಿಗೇ.

ಒಡವೆಗಳನ್ನು ಗಮನಿಸಿ. ಕಿರೀಟ, ಕೊರಳ ಹಾರ, ನಡುಪಟ್ಟಿಯ ಮಣಿಗಳು ಬಣ್ಣದ ಚುಕ್ಕೆಗಳಲ್ಲ. ಸಣ್ಣ ಉಳಿಯಿಂದ ಒಂದೊಂದಾಗಿ ಹೊಡೆದ ತೂತುಗಳು. ಹಿಂದೆ ದೀಪ ಹಚ್ಚಿದಾಗ ಮೊದಲು ಮಿನುಗುವುದು ಅವೇ.