ಬೆಸುಗೆಯಲ್ಲಿ ಲೋಹದ ದ್ರವೀಭವನ, ಘನೀಭವನ ಮತ್ತು ಬಿರುಕು

ಎರಡು ಲೋಹಖಂಡಗಳ ಅಂಚುಗಳನ್ನು ತೀವ್ರವಾದ ಉಷ್ಣದಿಂದ ಕರಗಿಸಿ, ಅವಶ್ಯವಿದ್ದೆಡೆ ಪೂರಕಲೋಹವನ್ನೂ ಸೇರಿಸಿ, ಆ ದ್ರವವು ಆರಿದಾಗ ಅವೆರಡೂ ಒಂದೇ ಕಾಯವಾಗುವಂತೆ ಮಾಡುವ ಕ್ರಿಯೆಯೇ ಬೆಸುಗೆ. ಕರಗಿಸುವುದು ಇದರಲ್ಲಿ ಸುಲಭದ ಭಾಗ. ವಿದ್ಯುಚ್ಚಾಪದ ಉಷ್ಣತೆ ಸುಮಾರು 6000° ಸೆ.ವರೆಗೂ ಏರಬಲ್ಲುದಾದ್ದರಿಂದ, 1538° ಸೆ.ನಲ್ಲಿ ಕರಗುವ ಕಬ್ಬಿಣವು ಕ್ಷಣಮಾತ್ರದಲ್ಲಿ ದ್ರವಿಸುತ್ತದೆ. ಬೆಸುಗೆಯ ಬಾಳಿಕೆ ಬಹುಮಟ್ಟಿಗೆ ನಿರ್ಧಾರವಾಗುವುದು ಅದು ಆರುವ ರೀತಿಯಲ್ಲಿ.

ಕರಗಿದ ಲೋಹದ ಪುಟ್ಟ ಮಡುವಿನ ಸುತ್ತಲೂ ತಣ್ಣನೆಯ ಘನಲೋಹವೇ ಇರುವುದರಿಂದ ಉಷ್ಣವು ಅತಿವೇಗದಿಂದ ಹೊರಕ್ಕೆ ಸಾಗಿಹೋಗುತ್ತದೆ. ಮಡುವಿನ ಅಂಚಿನಲ್ಲಿ ಅರೆಕರಗಿ ಉಳಿದ ಹರಳುಗಳ ಮೇಲೆಯೇ ಹೊಸ ಹರಳುಗಳು, ಅವುಗಳ ವಿನ್ಯಾಸವನ್ನೇ ಅನುಸರಿಸಿ, ಸ್ತಂಭಾಕಾರವಾಗಿ ನಡುವಿನೆಡೆಗೆ ಬೆಳೆಯುತ್ತವೆ. ಹಾಗೆ ಬೆಳೆಯುವಾಗ ತಮಗೊಗ್ಗದ ಗಂಧಕ, ರಂಜಕ ಮೊದಲಾದ ಕಲ್ಮಷಗಳನ್ನು ಅವು ಮುಂದೆ ಮುಂದೆ ತಳ್ಳುವುದರಿಂದ, ಎರಡು ಬದಿಯ ಹರಳುಗಳು ಸಂಧಿಸುವ ಮಧ್ಯರೇಖೆಯಲ್ಲಿ ಕಟ್ಟಕಡೆಗೆ ಉಳಿಯುವ ದ್ರವವೇ ಅತ್ಯಂತ ಕಲುಷಿತವಾದದ್ದು. ಕಬ್ಬಿಣವೂ ಅದರ ಗಂಧಕಸಂಯುಕ್ತವೂ ಕೂಡಿದ ಮಿಶ್ರಣವು 988° ಸೆ.ವರೆಗೂ ದ್ರವವಾಗಿಯೇ ಇರಬಲ್ಲುದು. ಅಷ್ಟರಲ್ಲಿ ಘನವಾಗಿ ಸಂಕೋಚಿಸತೊಡಗಿದ ಸುತ್ತಣ ಉಕ್ಕಿನ ಸೆಳೆತವನ್ನು ಈ ತೆಳುಪೊರೆ ತಾಳಲಾರದೆ ಸೀಳುತ್ತದೆ. ಇದೇ ಬಿಸಿಬಿರುಕು. ಬೆಸುಗೆಪಟ್ಟಿಯ ನಡುವಿನುದ್ದಕ್ಕೂ, ಪೂರಕಲೋಹದ ರಾಡನ್ನು ಥಟ್ಟನೆ ಎತ್ತಿದಲ್ಲಿ ಉಳಿಯುವ ಕುಳಿಯಲ್ಲೂ ಇದು ತಲೆದೋರುವುದುಂಟು. ಅಗಲಕ್ಕಿಂತ ಆಳ ಹೆಚ್ಚಾದ ಪಟ್ಟಿಗಳಿಗೆ ಇದರ ಭಯ ಅಧಿಕ. ಮ್ಯಾಂಗನೀಸ್ ಸೇರಿಸಿದರೆ ಅದು ಗಂಧಕವನ್ನು ತನ್ನಲ್ಲಿ ಬಂಧಿಸಿ, ಹೆಚ್ಚಿನ ಉಷ್ಣತೆಯಲ್ಲೇ ಘನವಾಗುವ ನಿರುಪದ್ರವಿ ಕಣಗಳನ್ನಾಗಿ ಮಾರ್ಪಡಿಸುತ್ತದೆ.

ಗಂಧಕದ ಮಾತು ಬಂದಾಗ ಭದ್ರಾವತಿಯ ಸ್ಮರಣೆ ಅಪ್ರಸ್ತುತವಾಗದು. 1923ರಲ್ಲಿ ಉತ್ಪಾದನೆಗೆ ತೊಡಗಿದ ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆಯು ಕೋಕಿನ ಬದಲು ಮರದ ಇದ್ದಿಲಿನಿಂದ ಊದುಕುಲುಮೆಯನ್ನು ನಡೆಸುತ್ತಿತ್ತು. ಕಬ್ಬಿಣಕ್ಕೆ ಗಂಧಕವು ಬಹುಪಾಲು ಕೋಕಿನಿಂದಲೇ ಸೇರುವುದರಿಂದ ಇದ್ದಿಲಿನ ಕಬ್ಬಿಣದಲ್ಲಿ ಅದರ ಅಂಶ ಅಲ್ಪ. ಕಾಡು ಅದಕ್ಕೆ ತೆತ್ತ ಬೆಲೆಯ ಲೆಕ್ಕ ಬೇರೆ.

ಜಗಳೂರು ತಾಲ್ಲೂಕಿನ ಬಿಳಿಚೋಡಿನಂತಹ ಬಯಲುಸೀಮೆಯ ಊರುಗಳಲ್ಲಿ, ಮುಂಗಾರಿಗೆ ಮುನ್ನ ಕುಂಟೆ ನೇಗಿಲುಗಳ ದುರಸ್ತಿ ನಡೆಯುವಾಗ ಹೆಚ್ಚಾಗಿ ಕಾಡಬಲ್ಲದ್ದು ಇನ್ನೊಂದು ಜಾತಿಯ ಬಿರುಕು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕತ್ತರಿಸಿ ಕುಂಟೆಯ ಅಲಗಾಗಿ ಬೆಸೆದರೆ ಸವೆಯದೆಂಬ ಲೆಕ್ಕಾಚಾರ ಸರಿಯೇ. ಆದರೆ ಮೆದು ಉಕ್ಕಿನಲ್ಲಿ ಇಂಗಾಲವು ಶೇಕಡ 0.25ನ್ನು ಮೀರದಿದ್ದರೆ, ಸ್ಪ್ರಿಂಗ್ ಉಕ್ಕಿನಲ್ಲಿ ಅದು ಶೇಕಡ 0.5ರಿಂದ 0.6ರಷ್ಟು. ಬೆಸುಗೆಯ ಪಕ್ಕದಲ್ಲಿ ಕರಗದೆಯೂ ಕೆಂಪಗೆ ಕಾದ ವಲಯವು ಬೇಗನೆ ಆರಿದಾಗ, ಇಷ್ಟು ಇಂಗಾಲವುಳ್ಳ ಉಕ್ಕು ಮಾರ್ಟೆನ್‌ಸೈಟ್ ಎಂಬ, ಅತಿ ಕಠಿಣವೂ ಅಷ್ಟೇ ಭಿದುರವೂ ಆದ ರೂಪವನ್ನು ತಾಳುತ್ತದೆ. ರಾಡಿನ ಲೇಪವು ಹೀರಿದ ತೇವವು ಚಾಪದಲ್ಲಿ ವಿಭಜಿಸಿ ಜಲಜನಕವಾಗಿ ದ್ರವಲೋಹವನ್ನು ಸೇರಿ, ಆಮೇಲೆ ಮೆಲ್ಲಗೆ ಈ ವಲಯಕ್ಕೆ ನುಸುಳುತ್ತದೆ. ಕಠಿಣ ಉಕ್ಕು, ಜಲಜನಕ, ಸಂಕೋಚದಿಂದುಳಿದ ಸೆಳೆತ, ಈ ಮೂರೂ ಕೂಡಿದಲ್ಲಿ ತಣ್ಬಿರುಕು ಹುಟ್ಟುತ್ತದೆ; ಅದೂ ತತ್‌ಕ್ಷಣವಲ್ಲ, ಗಂಟೆಗಳ ಅಥವಾ ಒಂದೆರಡು ದಿನಗಳ ನಂತರ. ಸಂಜೆ ನಿರ್ದುಷ್ಟವಾಗಿ ಕಂಡ ಅಲಗು ಮರುದಿನ ಹೊಲದಲ್ಲಿ ಕಳಚಿಬಿದ್ದರೆ ನೆಲದ ಕಲ್ಲನ್ನು ದೂರುವುದು ಅನ್ಯಾಯ. ಕೆಂಪಗಿರುವಾಗಲೇ ನೀರು ಹೊಯ್ದು ಆರಿಸುವ ಅವಸರವಂತೂ ಬಿರುಕಿಗೆ ತಾನಾಗಿ ಕೊಟ್ಟ ಆಹ್ವಾನ. ಅಲಗನ್ನು ಮೊದಲೇ 200°ಯಿಂದ 300° ಸೆ.ವರೆಗೆ ಕಾಯಿಸುವುದು, ಜಲಜನಕ ಕಡಮೆಯಿರುವ ಜಾತಿಯ ರಾಡುಗಳನ್ನು 300°ಯಿಂದ 350° ಸೆ.ನಲ್ಲಿ ಒಂದೆರಡು ಗಂಟೆ ಒಣಗಿಸಿ ಬಳಸುವುದು, ಬೆಸೆದ ಮೇಲೆ ಒಣ ಬೂದಿಯಲ್ಲಿ ಹುದುಗಿಸಿ ನಿಧಾನವಾಗಿ ಆರಗೊಡುವುದು, ಇವೇ ಪರಿಹಾರ.

ಬೆಸುಗೆಯ ಕಾಯವು ಅಖಂಡವಾದುದರಿಂದ ಒಮ್ಮೆ ಹುಟ್ಟಿದ ಬಿರುಕಿಗೆ ತಡೆಯೂ ಕಡಮೆ. ರಿವೆಟ್ಟಿನ ಕಟ್ಟಡದಲ್ಲಾದರೆ ಅದು ಒಂದು ತಗಡಿನ ಅಂಚಿಗೆ ನಿಲ್ಲುವ ಸಂಭವವಿತ್ತು. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ, ಶಾಂತಜಲದಲ್ಲಿ ಕಟ್ಟಿನಿಂತಿದ್ದ ಸ್ಕೆನೆಕ್ಟಡಿ ಎಂಬ ಬೆಸುಗೆಯ ತೈಲನೌಕೆ ನಡುವೆ ಸೀಳಿ ಬಹುಮಟ್ಟಿಗೆ ಇಬ್ಭಾಗವಾಯಿತು. ಅಂತಹ ನೌಕೆಗಳ ಭಂಗಕ್ಕೆ ಉಕ್ಕು ಚಳಿಯಲ್ಲಿ ಭಿದುರವಾಗುವುದೇ ಮುಖ್ಯ ಕಾರಣವೆಂದು ಕೇಂಬ್ರಿಜ್ಜಿನ ಕಾನ್‌ಸ್ಟನ್ಸ್ ಟಿಪ್ಪರ್ ತೋರಿಸಿಕೊಟ್ಟರು.

ಶೇಕಡ 2ಕ್ಕೂ ಮಿಕ್ಕ ಇಂಗಾಲವುಳ್ಳ ಬೀಡುಕಬ್ಬಿಣವು ಇವೆಲ್ಲಕ್ಕಿಂತ ಹಟಮಾರಿ. ಒಡೆದ ಪಂಪಿನ ಬೀಡಿನ ಕವಚಕ್ಕೆ ಸಾಮಾನ್ಯ ರಾಡಿನಿಂದ ಹಾಕಿದ ಬೆಸುಗೆ ಅದರ ಪಕ್ಕದಲ್ಲೇ ಮತ್ತೆ ಬಿಡುವುದು ವಾಡಿಕೆ. ಆದಕಾರಣ ಮೆದುವಾದ ನಿಕ್ಕಲ್ ರಾಡಿನಿಂದ ಅಂಗುಲದಷ್ಟು ಉದ್ದದ ತುಂಡುತುಂಡು ಪಟ್ಟಿಗಳನ್ನೆಳೆದು, ಬಿಸಿಯಿರುವಾಗಲೇ ಪ್ರತಿಯೊಂದನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸೆಳೆತವನ್ನು ಸಡಿಲಿಸಿ, ಹಿಂದಿನದು ಕೈಮುಟ್ಟುವಷ್ಟು ಆರಿದ ಬಳಿಕ ಮುಂದಿನದನ್ನು ಹಾಕುತ್ತಾರೆ.