ಮೊಂತಾಯೂ: ವಿಚಾರಣೆಯ ಕಡತದಲ್ಲಿ ಉಳಿದ ಹಳ್ಳಿ

ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಗೋಡೆಯಂತೆ ನಿಂತಿರುವ ಪಿರನೀಸ್ ಪರ್ವತಸಾಲಿನ ಫ್ರೆಂಚ್ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿ ಮೊಂತಾಯೂ ಎಂಬ ಪುಟ್ಟ ಹಳ್ಳಿಯಿದೆ. ಗುಡ್ಡದ ಮೇಲೆ ಪಾಳುಬಿದ್ದ ಕೋಟೆ, ಇಳಿಜಾರಿನಲ್ಲಿ ಮನೆಗಳು, ಕೆಳಗೆ ಮೇರಿ ಮಾತೆಯ ಹಳೆಯ ಚರ್ಚು, ಸುತ್ತಲೂ ಹುಲ್ಲುಗಾವಲು. ಈಗ ಅಲ್ಲಿ ಐವತ್ತು ಜನರೂ ವಾಸವಾಗಿಲ್ಲ. 14ನೇ ಶತಮಾನದ ಆರಂಭದಲ್ಲಿ ಇನ್ನೂರರಿಂದ ಇನ್ನೂರೈವತ್ತು ಮಂದಿ ಇದ್ದರು. ಅವರು ಏನು ನಂಬಿದ್ದರು, ಯಾರನ್ನು ಪ್ರೀತಿಸಿದರು, ಯಾರಿಗೆ ಹೆದರಿದರು ಎಂಬುದು ಇಂದಿಗೂ ತಿಳಿದಿದೆ. ಆ ಕಾಲದ ಬಡ ರೈತರ ಬಗ್ಗೆ ಇಷ್ಟು ವಿವರ ದೊರೆಯುವುದು ಯುರೋಪಿನಲ್ಲೇ ಬಲು ಅಪರೂಪ. ಇದಕ್ಕೆ ಕಾರಣ ಅವರನ್ನು ಶಿಕ್ಷಿಸಲು ನಡೆದ ಒಂದು ವಿಚಾರಣೆ.

ಮೊಂತಾಯೂವಿನ ಚಳಿಗೆ ದ್ರಾಕ್ಷಿ ಬೆಳೆಯುತ್ತಿರಲಿಲ್ಲ. ಗೋಧಿ, ಓಟ್ಸ್, ಟರ್ನಿಪ್ ಗೆಡ್ಡೆ ಅಲ್ಲಿನ ಬೆಳೆಗಳು. ಊರಲ್ಲಿ ಗಿರಣಿ ಇರಲಿಲ್ಲ. ಕಾಳನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಕಣಿವೆಯ ಆಕ್ಸ್ ಪಟ್ಟಣಕ್ಕೆ ಹೋಗಿ ಬೀಸಿಸಿಕೊಂಡು ಬರಬೇಕಿತ್ತು. ಕುರಿಯೇ ನಿಜವಾದ ಸಂಪತ್ತು. ಚಳಿಗಾಲದಲ್ಲಿ ಕುರುಬರು ಮಂದೆಗಳೊಡನೆ ಕಣಿವೆ ದಾಟಿ ಕತಲೋನಿಯದ ಬಯಲಿಗೆ ಇಳಿಯುತ್ತಿದ್ದರು. ಬೇಸಿಗೆಯಲ್ಲಿ ಬೆಟ್ಟಕ್ಕೆ ಮರಳುತ್ತಿದ್ದರು. ಆ ದಾರಿಗಳಲ್ಲಿ ಉಣ್ಣೆಯ ಜೊತೆಗೆ ಸುದ್ದಿಯೂ ನಂಬಿಕೆಯೂ ಸಂಚರಿಸುತ್ತಿದ್ದವು.

ಹಾಗೆ ಹರಡಿದ ಪಂಥಗಳಲ್ಲಿ ಕ್ಯಾಥರ್ ಪಂಥವೂ ಒಂದು. ಕಣ್ಣಿಗೆ ಕಾಣುವ ಈ ಜಗತ್ತು ದುಷ್ಟಶಕ್ತಿಯ ಸೃಷ್ಟಿ, ಆತ್ಮ ಮಾತ್ರ ಒಳ್ಳೆಯ ದೇವರದು, ಮುಕ್ತಿ ದೊರೆಯುವವರೆಗೆ ಅದು ದೇಹದಿಂದ ದೇಹಕ್ಕೆ ಅಲೆಯುತ್ತದೆ ಎಂದು ಕ್ಯಾಥರರು ಹೇಳುತ್ತಿದ್ದರು. ಅವರ ಗುರುಗಳು ಮಾಂಸ, ಮೊಟ್ಟೆ, ಹಾಲು ಮುಟ್ಟುತ್ತಿರಲಿಲ್ಲ; ಬ್ರಹ್ಮಚಾರಿಗಳಾಗಿರಬೇಕಿತ್ತು. ಚರ್ಚಿನ ಸಂಸ್ಕಾರಗಳನ್ನು ಅವರು ಒಪ್ಪಲಿಲ್ಲ. ಈ ಪಂಥವನ್ನು ಅಳಿಸಲು 1208ರಲ್ಲಿ ಪೋಪ್ ಧರ್ಮಯುದ್ಧವನ್ನೇ ಸಾರಿದರು. 1244ರಲ್ಲಿ ಮೊಂಸೆಗ್ಯೂರ್ ಕೋಟೆ ಬಿದ್ದಾಗ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಸುಡಲಾಯಿತು. ಆದರೂ 1300ರ ಹೊತ್ತಿಗೆ ಆಕ್ಸ್‌ನ ಪಿಯೇರ್ ಒತಿಯೇ ಎಂಬ ದಸ್ತಾವೇಜು ಬರಹಗಾರ ಇಟಲಿಯಲ್ಲಿ ದೀಕ್ಷೆ ಪಡೆದು ಬಂದು ಪಂಥಕ್ಕೆ ಮತ್ತೆ ಜೀವ ತುಂಬಿದ. ಮೊಂತಾಯೂವಿನ ಅನೇಕ ಮನೆಗಳು ಅವನ ಕಡೆಗೆ ವಾಲಿದವು.

1308ರಲ್ಲಿ ಧರ್ಮವಿಚಾರಣೆಯ ಅಧಿಕಾರಿಗಳು ಊರಿನ ವಯಸ್ಕರನ್ನೆಲ್ಲ ಸೆರೆಹಿಡಿದರು. ಹತ್ತು ವರ್ಷಗಳ ಬಳಿಕ ಪಾಮಿಯೇ ಪಟ್ಟಣದ ಬಿಷಪ್ ಜಾಕ್ ಫೂರ್ನಿಯೇ ಇನ್ನೂ ಸೂಕ್ಷ್ಮವಾದ ವಿಚಾರಣೆ ಆರಂಭಿಸಿದರು. 1318ರಿಂದ 1325ರವರೆಗೆ ಅವರ ನ್ಯಾಯಪೀಠ ಸುತ್ತಲ ಪ್ರದೇಶದ 98 ಪ್ರಕರಣಗಳಲ್ಲಿ 578 ಬಾರಿ ವಿಚಾರಣೆ ನಡೆಸಿತು. ಫೂರ್ನಿಯೇ ಚಿತ್ರಹಿಂಸೆಗಿಂತ ಪ್ರಶ್ನೆಗಳನ್ನೇ ಹೆಚ್ಚು ನೆಚ್ಚಿದರು. ಯಾರ ಮನೆಯಲ್ಲಿ, ಯಾವ ಹೊತ್ತಿನಲ್ಲಿ, ಒಲೆಯ ಬಳಿ ಯಾರು ಕೂತಿದ್ದರು, ಏನು ಹೇಳಿದರು ಎಂದು ಬಿಡದೆ ಕೇಳಿದರು. ಉತ್ತರಗಳೆಲ್ಲ ದಾಖಲಾದವು.

ಹೀಗಾಗಿ ಆ ಕಡತದಲ್ಲಿ ಇಡೀ ಊರಿನ ಬದುಕೇ ಕಾಣಸಿಗುತ್ತದೆ. ಅಲ್ಲಿ ಎಲ್ಲದಕ್ಕೂ ಕೇಂದ್ರ 'ಉಸ್ತಾಲ್'; ಕಟ್ಟಡಕ್ಕೂ ಅದರೊಳಗಿನ ಕುಟುಂಬಕ್ಕೂ ಅದೊಂದೇ ಹೆಸರು, ನಮ್ಮಲ್ಲಿ 'ಮನೆ' ಎನ್ನುವಂತೆ. ಹೆಂಗಸರು ಬಿಸಿಲಿಗೆ ಕೂತು ಹೇನು ಹೆಕ್ಕುತ್ತ ಧರ್ಮ ಚರ್ಚಿಸುತ್ತಾರೆ. ಪಾದ್ರಿ ಪಿಯೇರ್ ಕ್ಲೆರ್ಗ್ ಹಗಲು ಚರ್ಚಿನ ಪೂಜೆ ನಡೆಸಿ, ಒಳಗೊಳಗೇ ಕ್ಯಾಥರರನ್ನು ಪೋಷಿಸುತ್ತಾನೆ. ಮುಂದೆ ತನ್ನ ವೈರಿಗಳನ್ನು ವಿಚಾರಣೆಯವರಿಗೆ ಒಪ್ಪಿಸುತ್ತಾನೆ. ಕೊನೆಗೆ ಅವನೂ ಸೆರೆಮನೆಯಲ್ಲೇ ಸಾಯುತ್ತಾನೆ. ಅವನ ಪ್ರೇಯಸಿಯಾಗಿದ್ದ ಜಮೀನ್ದಾರಿ ಮನೆತನದ ವಿಧವೆ ಬೆಯಾತ್ರಿಸ್ ದ ಪ್ಲಾನಿಸೋಲ್ ತನ್ನ ಬದುಕನ್ನೇ ಬಿಷಪ್ಪರ ಮುಂದೆ ಬಿಚ್ಚಿಡಬೇಕಾಯಿತು. ಅವಳ ಸಾಮಾನಿನಲ್ಲಿ ಸಿಕ್ಕ ಮೊಮ್ಮಕ್ಕಳ ಒಣಗಿದ ಹೊಕ್ಕಳಬಳ್ಳಿ ಮಾಟದ ಸಾಕ್ಷ್ಯವಾಗಿ ನಿಂತಿತು. ಅವು ಜೊತೆಗಿದ್ದರೆ ವ್ಯಾಜ್ಯ ಗೆಲ್ಲಬಹುದೆಂಬುದು ಅವಳ ನಂಬಿಕೆ. ಹೆಂಡತಿ, ಮನೆ, ಆಸ್ತಿ ಯಾವುದೂ ಇಲ್ಲದೆ ಸ್ನೇಹಿತರನ್ನೇ ಬಂಧುಗಳೆಂದು ತಿಳಿದಿದ್ದ ಕುರುಬ ಪಿಯೇರ್ ಮೋರಿಗೆ 1324ರಲ್ಲಿ ಸೆರೆವಾಸವಾಯಿತು. ಇತರ ಅನೇಕರು ಬಟ್ಟೆಯ ಮೇಲೆ ಹಳದಿ ಶಿಲುಬೆ ಹೊಲಿಸಿಕೊಂಡು ಓಡಾಡಬೇಕಾಯಿತು. ಫೂರ್ನಿಯೇ ಐವರನ್ನು ಬೆಂಕಿಗೆ ಒಪ್ಪಿಸಿದರು. ಅವರಲ್ಲೊಬ್ಬ ಮೊಂತಾಯೂವಿನ ಗಿಯೋಮ್ ಫೋರ್.

ಫೂರ್ನಿಯೇ 1334ರಲ್ಲಿ 12ನೇ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದರು. ಕಡತವೂ ಅವರೊಡನೆ ಅವಿನ್ಯೋನ್‌ಗೆ ಹೋಗಿ, ಮುಂದೆ ವ್ಯಾಟಿಕನ್ ಗ್ರಂಥಾಲಯ ಸೇರಿತು. 1965ರಲ್ಲಿ ಜಾನ್ ದ್ಯುವೆರ್ನುವಾ ಅದರ ಲ್ಯಾಟಿನ್ ಪಾಠವನ್ನು ಪ್ರಕಟಿಸಿದರು. ಅದನ್ನು ಆಧರಿಸಿ ಇತಿಹಾಸಕಾರ ಎಮಾನ್ಯುಯೆಲ್ ಲ ರುವಾ ಲದುರಿ 1975ರಲ್ಲಿ ಬರೆದ 'ಮೊಂತಾಯೂ' ಗ್ರಂಥ ಸಾಮಾನ್ಯ ಓದುಗರನ್ನೂ ಸೆಳೆಯಿತು. ರಾಜರ, ಯುದ್ಧಗಳ ಇತಿಹಾಸದ ಪಕ್ಕದಲ್ಲಿ ಒಂದು ಹಳ್ಳಿಯ ದಿನನಿತ್ಯದ ಬದುಕಿಗೂ ಸ್ಥಾನವಿದೆ ಎಂಬುದನ್ನು ಅದು ತೋರಿಸಿತು.

ಆದರೆ ಈ ಮಾತುಗಳನ್ನು ಎಚ್ಚರದಿಂದ ಓದಬೇಕು. ಆಕ್ಸಿತಾನ್ ಭಾಷೆಯಲ್ಲಿ ಹಳ್ಳಿಗರು ಹೇಳಿದ್ದನ್ನು ಗುಮಾಸ್ತರು ಲ್ಯಾಟಿನ್ನಿಗೆ ತಿರುಗಿಸಿ ಬರೆದರು. ಹೇಳಿದವರ ಎದುರಿಗಿದ್ದದ್ದು ಕುತೂಹಲದ ಸಂದರ್ಶಕನಲ್ಲ, ಸೆರೆಗೂ ಚಿತೆಗೂ ಕಳಿಸಬಲ್ಲ ನ್ಯಾಯಾಧೀಶ. ಏನನ್ನು ಬಚ್ಚಿಟ್ಟರು, ಯಾರನ್ನು ಕಾಪಾಡಲು ಸುಳ್ಳಾಡಿದರು ಎಂಬುದು ಕಡತದಲ್ಲಿ ಇಲ್ಲ. ತಮ್ಮಷ್ಟಕ್ಕೆ ಬದುಕಲು ಬಿಟ್ಟಿದ್ದರೆ ಮೊಂತಾಯೂವಿನ ಜನ ಸುತ್ತಲ ಹಳ್ಳಿಗಳವರಂತೆಯೇ ಗುರುತಿಲ್ಲದೆ ಮರೆಯಾಗುತ್ತಿದ್ದರು. ಅವರ ಹೆಸರು ಉಳಿದಿದೆ. ಅದಕ್ಕೆ ಅವರು ತೆತ್ತ ಬೆಲೆಯೂ ಅದೇ ಪುಟಗಳಲ್ಲಿದೆ.